ಓದಿದ್ದು ಎಲ್ಲಿ ಹೋಯ್ತು? ಕಾರ್ಟಿಸಾಲ್, ಎರಡು ರಿಸೆಪ್ಟರ್‌ಗಳು ಮತ್ತು ನಮ್ಮ ತಲೆ

ಹೋದ ಸೆಮಿಸ್ಟರ್‌ನ ಮ್ಯಾಥ್ಸ್ ಪರೀಕ್ಷೆಯ ಹಿಂದಿನ ರಾತ್ರಿ. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಕೂತು ಓದ್ತಾ ಇದ್ವಿ. ನಾಲ್ವರಲ್ಲಿ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಸರಿಯಾಗಿ ಗೊತ್ತಿದ್ದವನು ಒಬ್ಬನೇ. ನಮ್ಮ ಮೂವರಿಗೂ ಅವನೇ ಹೇಳಿಕೊಟ್ಟ. ಬೆಳಿಗ್ಗೆ ಪೇಪರ್‌ನಲ್ಲಿ ಹೆಚ್ಚುಕಮ್ಮಿ ಅದೇ ಲೆಕ್ಕ ಬಂತು. ನಾವು ಮೂವರೂ ಬರೆದು ಬಂದ್ವಿ. ಹೇಳಿಕೊಟ್ಟವನಿಗೆ ಮಾತ್ರ ಮೊದಲನೇ ಸಾಲೇ ನೆನಪಾಗಲಿಲ್ಲ.

ಅದೇ ದಿನ ಸಂಜೆ ಟೀ ಅಂಗಡಿ ಹತ್ತಿರ ಕೂತಿದ್ದಾಗ, ಯಾರೂ ಕೇಳದೇ ಇದ್ರೂ, ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಆ ಲೆಕ್ಕವನ್ನ ಮೊದಲಿಂದ ಕೊನೆವರೆಗೂ ಬಿಡಿಸಿದ. ಬಿಡಿಸಿ, ಪೆನ್ನು ಜೇಬಿಗೆ ಹಾಕಿಕೊಂಡು, "ನಂಗೆ ತಲೆನೇ ಇಲ್ಲ ಕಣ್ರೋ" ಅಂದ. ಪೇಪರ್ ಹೋಯ್ತು. ಆದರೆ ಪೇಪರ್‌ಗಿಂತ ನಮಗೆ ಜಾಸ್ತಿ ಚಿಂತೆಯಾಗಿದ್ದು ಆ ಮಾತು. ಆಮೇಲೆ ಅವನು ಪುಸ್ತಕ ತೆಗೆಯೋದನ್ನೇ ಬಿಟ್ಟ. "ಓದಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಮಗಾ" ಅನ್ನೋದು ಅವನ ದಿನದ ಡೈಲಾಗ್ ಆಯ್ತು.

ನಾವು ಎಲೆಕ್ಟ್ರಾನಿಕ್ಸ್ ಓದುವವರು. ಬಯಾಲಜಿ ಜೊತೆಗಿನ ನಮ್ಮ ನಂಟು ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೂ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯೋಕೆ ಶುರುವಾಯ್ತು: ಬೆಳಿಗ್ಗೆ ಹನ್ನೊಂದಕ್ಕೆ ಇಲ್ಲದಿದ್ದ ಲೆಕ್ಕ ಸಂಜೆ ಐದಕ್ಕೆ ಎಲ್ಲಿಂದ ಬಂತು? ತಲೆ ಇಲ್ಲದವನಿಗೆ ಸಂಜೆ ಹೇಗೆ ಬರುತ್ತೆ? ಇದನ್ನ ಹುಡುಕ್ತಾ ಹೋಗಿ ಮೂವರೂ ಸೇರಿ ಒಂದಿಷ್ಟು ಓದಿದ್ವಿ. ಓದಿದ್ದನ್ನ ಇಲ್ಲಿ ಬರೀತಾ ಇದ್ದೀವಿ. ನಾವು ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ಅಲ್ಲಲ್ಲಿ ಎಡವಿದ್ರೆ ಕ್ಷಮಿಸಿ.

ಎರಡು ಅಲೆಗಳು

ಹೆದರಿಕೆ ಆದಾಗ ದೇಹದಲ್ಲಿ ಎರಡು ಅಲೆ ಏಳುತ್ತೆ. ಒಂದು ವೇಗದ್ದು, ಇನ್ನೊಂದು ನಿಧಾನದ್ದು.

ಮೊದಲನೇದು ಸೆಕೆಂಡುಗಳಲ್ಲಿ ಬರುವ ಅಡ್ರಿನಲಿನ್. ಎರಡೂ ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಅನ್ನೋ ಗ್ರಂಥಿಗಳಿವೆ. ಅವುಗಳ ಒಳಭಾಗದಿಂದ ಇದು ರಕ್ತಕ್ಕೆ ಸೇರುತ್ತೆ. ಎದೆ ಹೊಡ್ಕೊಳ್ಳೋದು, ಅಂಗೈ ಬೆವರೋದು, ಬಾಯಿ ಒಣಗೋದು ಎಲ್ಲ ಈ ಹಂತದ್ದು. ವಿಚಿತ್ರ ಏನಂದ್ರೆ, ರಕ್ತದಲ್ಲಿರುವ ಅಡ್ರಿನಲಿನ್ ಸುಲಭವಾಗಿ ಮೆದುಳಿನ ಒಳಗೆ ಹೋಗಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆಗೋಡೆ ಅದನ್ನ ಹೊರಗೇ ನಿಲ್ಲಿಸುತ್ತೆ. ಆದರೆ ದೇಹದ ಗಲಾಟೆಯ ಸುದ್ದಿ ವೇಗಸ್ ನರದ ಮೂಲಕ ಮೆದುಳಿಗೆ ತಲುಪುತ್ತೆ. ಆಗ ಮೆದುಳು ತನ್ನದೇ ನಾರ್‌ಅಡ್ರಿನಲಿನ್ ಬಿಡುಗಡೆ ಮಾಡುತ್ತೆ.

ಎರಡನೇ ಅಲೆ ನಿಮಿಷಗಳ ಲೆಕ್ಕದ್ದು. ಮೆದುಳಿನ ಬುಡದಲ್ಲಿರುವ ಹೈಪೋಥಲಮಸ್ ಸಿಆರ್‌ಎಚ್ ಅನ್ನೋ ಹಾರ್ಮೋನು ಕಳಿಸುತ್ತೆ. ಅದು ಪಕ್ಕದ ಪಿಟ್ಯುಟರಿ ಗ್ರಂಥಿಗೆ ತಾಗಿ ಎಸಿಟಿಎಚ್ ಹೊರಡುತ್ತೆ. ಎಸಿಟಿಎಚ್ ರಕ್ತದಲ್ಲಿ ಕೆಳಗಿಳಿದು ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಹೇಳುತ್ತೆ: ಕಾರ್ಟಿಸಾಲ್ ಬಿಡು. ಈ ಮೂರು ಸ್ಟೇಜಿನ ಸರ್ಕ್ಯೂಟನ್ನ ಮೂರು ಗ್ರಂಥಿಗಳ ಹೆಸರಿನ ಮೊದಲಕ್ಷರ ಸೇರಿಸಿ ಎಚ್‌ಪಿಎ ಆಕ್ಸಿಸ್ ಅಂತಾರೆ. ಮೂರು ಸ್ಟೇಜ್ ದಾಟಬೇಕಾದ್ದರಿಂದ ತಡ ಆಗುತ್ತೆ. ಹೆದರಿಕೆ ಶುರುವಾದ 20ರಿಂದ 30 ನಿಮಿಷಕ್ಕೆ ಕಾರ್ಟಿಸಾಲ್ ತನ್ನ ತುದಿ ಮುಟ್ಟುತ್ತೆ. ಈ 30 ನಿಮಿಷವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವ ಹಾರ್ಮೋನು. ಹಾಗಾಗಿ ಅಡ್ರಿನಲಿನ್‌ಗೆ ಅಡ್ಡ ಬಂದ ತಡೆಗೋಡೆ ಇದನ್ನ ತಡೆಯಲ್ಲ. ಇದು ನೇರವಾಗಿ ಮೆದುಳಿನ ಒಳಗೆ ಹೋಗುತ್ತೆ.

ಇದು ಪರೀಕ್ಷೆಗೋಸ್ಕರ ಹುಟ್ಟಿದ ಹಾರ್ಮೋನೇನಲ್ಲ. ದಿನಾ ಬೆಳಿಗ್ಗೆ ಏಳುವ ಹೊತ್ತಿಗೆ ನಮ್ಮೆಲ್ಲರಲ್ಲೂ ಕಾರ್ಟಿಸಾಲ್ ಜಾಸ್ತಿ ಇರುತ್ತೆ, ಮಧ್ಯರಾತ್ರಿ ಆಸುಪಾಸು ತುಂಬಾ ಕಮ್ಮಿ. ಅದಿಲ್ಲದೇ ಇದ್ದರೆ ಹಾಸಿಗೆ ಬಿಟ್ಟು ಏಳೋದೇ ಕಷ್ಟ. ಯೂಟ್ಯೂಬ್‌ನಲ್ಲಿ ಇದನ್ನ ವಿಲನ್ ತರಹ ತೋರಿಸೋ ವಿಡಿಯೋಗಳನ್ನ ನಾವೂ ನೋಡಿದ್ವಿ. ಓದ್ತಾ ಹೋದ ಹಾಗೆ, ತಪ್ಪು ಕಾರ್ಟಿಸಾಲ್‌ದು ಅಂತ ಹೇಳೋದು ಅಷ್ಟು ಸುಲಭ ಅಲ್ಲ ಅಂತ ಗೊತ್ತಾಯ್ತು. ವಿಷಯ ಇರೋದು ಅದನ್ನ ಹಿಡಿಯುವ ರಿಸೆಪ್ಟರ್‌ಗಳಲ್ಲಿ.

ಒಂದು ಹಾರ್ಮೋನು, ಎರಡು ಸೆನ್ಸರ್

1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಮೆಕ್‌ಯುವನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ರು. ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳಿಗೆ ರೇಡಿಯೋ ಆಕ್ಟಿವ್ ಗುರುತು ಹಾಕಿದ ಕಾರ್ಟಿಕೋಸ್ಟೆರೋನ್ ಕೊಟ್ಟು, ಅದು ಮೆದುಳಿನಲ್ಲಿ ಎಲ್ಲಿ ಹೋಗಿ ಅಂಟಿಕೊಳ್ಳುತ್ತೆ ಅಂತ ನೋಡಿದ್ರು. ಕಾರ್ಟಿಕೋಸ್ಟೆರೋನ್ ಅಂದ್ರೆ ಇಲಿಗಳ ಕಾರ್ಟಿಸಾಲ್ ಅಂದುಕೊಳ್ಳಿ. ಅದು ಎಲ್ಲಕ್ಕಿಂತ ಹೆಚ್ಚಾಗಿ ಉಳಿದುಕೊಂಡಿದ್ದು ಹಿಪೋಕ್ಯಾಂಪಸ್‌ನಲ್ಲಿ. ಹೊಸ ವಿಷಯ ಕಲಿಯೋದಕ್ಕೆ, ಕಲಿತಿದ್ದನ್ನ ನೆನಪು ಮಾಡಿಕೊಳ್ಳೋದಕ್ಕೆ ಬೇಕಾದ ಜಾಗ ಅದು. ಒತ್ತಡದ ಹಾರ್ಮೋನಿಗೂ ನೆನಪಿಗೂ ಏನೋ ಸಂಬಂಧ ಇದೆ ಅನ್ನೋದು ಅಲ್ಲಿಂದ ಸ್ಪಷ್ಟವಾಗ್ತಾ ಬಂತು.

1985ರಲ್ಲಿ ನೆದರ್‌ಲೆಂಡ್ಸ್‌ನ ರೌಲ್ ಮತ್ತು ಡಿ ಕ್ಲೋಟ್ ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಇಲಿಯ ಮೆದುಳಿನಲ್ಲಿ ಈ ಹಾರ್ಮೋನನ್ನ ಹಿಡಿಯುವ ರಿಸೆಪ್ಟರ್ ಒಂದಲ್ಲ, ಎರಡು ಬಗೆಯವು ಅಂತ ತೋರಿಸಿದ್ರು. ಈಗ ಅವುಗಳನ್ನ ಎಂಆರ್ ಮತ್ತು ಜಿಆರ್ ಅಂತಾರೆ. ಪೂರ್ತಿ ಹೆಸರು ಮಿನರಲೋಕಾರ್ಟಿಕಾಯ್ಡ್ ರಿಸೆಪ್ಟರ್, ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್. ಪರೀಕ್ಷೆಗೆ ಬರಲ್ಲ, ಎಂಆರ್, ಜಿಆರ್ ಅಂದ್ರೆ ಸಾಕು. ಹಾರ್ಮೋನನ್ನ ಹಿಡಿಯುವ ಶಕ್ತಿ ಎಂಆರ್‌ಗೆ ಜಿಆರ್‌ಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ.

ಇದನ್ನ ಹೀಗೆ ಯೋಚಿಸಿ. ಹಾಸ್ಟೆಲ್ ಮೇಲಿನ ನೀರಿನ ಟ್ಯಾಂಕಿಗೆ ಎರಡು ಲೆವೆಲ್ ಸೆನ್ಸರ್ ಹಾಕಿದ್ದೀವಿ ಅಂದುಕೊಳ್ಳಿ. ಒಂದು ತಳದ ಹತ್ತಿರ, ಇನ್ನೊಂದು ಅಂಚಿನ ಹತ್ತಿರ. ಸ್ವಲ್ಪವೇ ನೀರಿದ್ರೂ ಕೆಳಗಿನ ಸೆನ್ಸರ್ ಒದ್ದೆಯಾಗೇ ಇರುತ್ತೆ. ಅದು ಎಂಆರ್. ಮಾಮೂಲಿ ದಿನದ ಕಾರ್ಟಿಸಾಲ್‌ಗೇ ಅದರ ಬಹುಪಾಲು ತುಂಬಿರುತ್ತೆ. ಮೇಲಿನ ಸೆನ್ಸರ್‌ಗೆ ನೀರು ಮುಟ್ಟಬೇಕಾದ್ರೆ ಟ್ಯಾಂಕ್ ತುಂಬಬೇಕು. ಅದು ಜಿಆರ್. ಬೆಳಗಿನ ಹೊತ್ತು, ಮತ್ತೆ ಒತ್ತಡ ಬಂದಾಗ, ಕಾರ್ಟಿಸಾಲ್ ಮೇಲೇರಿದಾಗಲೇ ಜಿಆರ್ ಚೆನ್ನಾಗಿ ತುಂಬೋದು. ಹಿಪೋಕ್ಯಾಂಪಸ್‌ನಲ್ಲಿ ಎರಡೂ ದಂಡಿಯಾಗಿವೆ. ಜಿಆರ್ ಮಾತ್ರ ಮೆದುಳಿನ ತುಂಬ ಹರಡಿಕೊಂಡಿದೆ.

ಹಾರ್ಮೋನು ಒಂದೇ ಆದ್ರೂ ಅದರ ಮಟ್ಟ ಎಷ್ಟಿದೆ ಅನ್ನೋದರ ಮೇಲೆ ಕೆಲಸ ಬದಲಾಗುತ್ತೆ. ಇಲಿಗಳ ಹಿಪೋಕ್ಯಾಂಪಸ್‌ನಲ್ಲಿ ನರಕೋಶಗಳ ನಡುವಿನ ಕೊಂಡಿ ಎಷ್ಟು ಚೆನ್ನಾಗಿ ಗಟ್ಟಿಯಾಗುತ್ತೆ ಅಂತ ಅಳೆದು ಗ್ರಾಫ್ ಹಾಕಿದ್ರೆ, ತಲೆಕೆಳಗಾದ ಯು ಆಕಾರ ಬರುತ್ತೆ. ಹಾರ್ಮೋನು ತೀರಾ ಕಮ್ಮಿ ಇದ್ರೂ ಕಲಿಕೆ ಸರಿ ಆಗಲ್ಲ, ತೀರಾ ಜಾಸ್ತಿ ಆದ್ರೂ ಆಗಲ್ಲ. ಎಂಆರ್ ಪೂರ್ತಿ ತುಂಬಿ, ಜಿಆರ್ ಸ್ವಲ್ಪ ಮಾತ್ರ ತುಂಬಿದಾಗ ಚೆನ್ನಾಗಿ ಆಗುತ್ತೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ನಮ್ಮ ತಲೆ ಓಡೋದಕ್ಕೆ ಇದೂ ಒಂದು ಕಾರಣ ಇರಬಹುದು.

ಜೀವಕೋಶದ ಒಳಗೆ

ನಮ್ಮ ಸರ್ಕ್ಯೂಟಿನಲ್ಲಿ ಸ್ವಿಚ್ ಒತ್ತಿದ್ರೆ ತಕ್ಷಣ ಲೈಟ್ ಬರುತ್ತೆ. ಜಿಆರ್ ಹಾಗಲ್ಲ. ಅದು ಕೋಶದ ಒಳಗಿನ ದ್ರವದಲ್ಲಿ, ಎಚ್‌ಎಸ್‌ಪಿ 90 ಮುಂತಾದ ಸಹಾಯಕ ಪ್ರೋಟೀನುಗಳ ಹಿಡಿತದಲ್ಲಿ ಕಾಯ್ತಾ ಇರುತ್ತೆ. ಕಾರ್ಟಿಸಾಲ್ ಕೋಶದ ಪೊರೆ ದಾಟಿ ಬಂದು ಕೂತ ಕೂಡಲೇ ಜಿಆರ್ ಆಕಾರ ಬದಲಿಸಿ ಕೋಶಕೇಂದ್ರದೊಳಗೆ ಹೋಗುತ್ತೆ. ಅಲ್ಲಿ ಡಿಎನ್‌ಎ ಮೇಲಿನ ನಿಗದಿತ ಜಾಗಗಳಿಗೆ ಅಂಟಿಕೊಂಡು, ಕೆಲವು ಜೀನ್‌ಗಳನ್ನ ಆನ್ ಮಾಡುತ್ತೆ, ಕೆಲವನ್ನ ಆಫ್ ಮಾಡುತ್ತೆ. ಹೊಸ ಪ್ರೋಟೀನು ತಯಾರಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತೆ. ಪರಿಣಾಮ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯುತ್ತೆ. ಅದೇ ಕಾರಣಕ್ಕೆ ಹೆದರಿಕೆ ಮುಗಿದ ಮೇಲೂ ಅದರ ಕೆಲಸ ಮುಗಿದಿರಲ್ಲ.

ಇದರ ಜೊತೆಗೆ ವೇಗದ ದಾರಿಯೂ ಇದೆ. ಕೋಶದ ಪೊರೆಯ ಹತ್ತಿರವೇ ಕೆಲಸ ಮಾಡುವ ಎಂಆರ್‌ಗಳ ಮೂಲಕ, ಜೀನ್‌ಗಳ ಗೊಡವೆಗೆ ಹೋಗದೆ, ನಿಮಿಷಗಳಲ್ಲೇ ಹಿಪೋಕ್ಯಾಂಪಸ್ ನರಕೋಶಗಳು ಚುರುಕಾಗುತ್ತವೆ ಅಂತ 2005ರಲ್ಲಿ ಮರಿಯನ್ ಯೂಲ್ಸ್ ಅವರ ತಂಡ ತೋರಿಸಿತು.

ಹಾಲ್‌ನಲ್ಲಿ ಬ್ಲ್ಯಾಂಕ್ ಆಗೋದು ಯಾಕೆ

ಈಗ ನಮ್ಮ ಗೆಳೆಯನ ವಿಷಯಕ್ಕೆ ಬರೋಣ. 1998ರಲ್ಲಿ ಡೊಮಿನಿಕ್ ಡಿ ಕ್ವೆರ್ವೆನ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ ಬರೆದ ಪ್ರಯೋಗ ಓದಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ನೀರಿನ ತೊಟ್ಟಿಯಲ್ಲಿ ಮುಳುಗಿರುವ ಒಂದು ಮಣೆ. ಅದು ಎಲ್ಲಿದೆ ಅಂತ ಇಲಿಗಳಿಗೆ ಕಲಿಸಿದ್ರು. ಮಾರನೇ ದಿನ ಪರೀಕ್ಷೆ. ಪರೀಕ್ಷೆಗೆ ಮೊದಲು ಕಾಲಿಗೆ ಸಣ್ಣ ಕರೆಂಟ್ ಶಾಕ್ ಕೊಟ್ರು. ಕೆಲವಕ್ಕೆ 2 ನಿಮಿಷ ಮೊದಲು, ಕೆಲವಕ್ಕೆ 30 ನಿಮಿಷ ಮೊದಲು, ಕೆಲವಕ್ಕೆ 4 ಗಂಟೆ ಮೊದಲು. 2 ನಿಮಿಷದವು ಮಣೆ ಎಲ್ಲಿತ್ತು ಅಂತ ನೆನಪಿಟ್ಟುಕೊಂಡಿದ್ವು. 4 ಗಂಟೆಯವೂ ನೆನಪಿಟ್ಟುಕೊಂಡಿದ್ವು. 30 ನಿಮಿಷದವು ಮಾತ್ರ ಮರೆತವರ ಹಾಗೆ ಸುತ್ತಿದ್ವು. ಕಾರ್ಟಿಕೋಸ್ಟೆರೋನ್ ಮೇಲೇರಿ ನಿಲ್ಲೋದೂ ಆ ಹೊತ್ತಿಗೇ. ಆ ಹಾರ್ಮೋನು ತಯಾರಾಗದ ಹಾಗೆ ಔಷಧಿ ಕೊಟ್ಟು ಶಾಕ್ ಕೊಟ್ಟಾಗ, 30 ನಿಮಿಷದ ಇಲಿಗಳಿಗೂ ತೊಂದರೆ ಆಗಲಿಲ್ಲ.

2000ದಲ್ಲಿ ಅದೇ ಸಂಶೋಧಕರು ಮನುಷ್ಯರ ಮೇಲೂ ನೋಡಿದ್ರು. ಪದಗಳ ಪಟ್ಟಿ ಬಾಯಿಪಾಠ ಮಾಡಿದವರಿಗೆ 25 ಮಿಲಿಗ್ರಾಂ ಕಾರ್ಟಿಸೋನ್ ಮಾತ್ರೆ. ಅದು ದೇಹದೊಳಗೆ ಕಾರ್ಟಿಸಾಲ್ ಆಗುತ್ತೆ. ಕಲಿಯೋದಕ್ಕೆ ಮೊದಲು ಕೊಟ್ಟಾಗ ತೊಂದರೆ ಇಲ್ಲ, ಕಲಿತ ಕೂಡಲೇ ಕೊಟ್ಟಾಗಲೂ ಇಲ್ಲ. ನೆನಪು ಮಾಡಿಕೊಳ್ಳುವ ಪರೀಕ್ಷೆಗೆ ಒಂದು ಗಂಟೆ ಮೊದಲು ಕೊಟ್ಟಾಗ ಮಾತ್ರ ಕಮ್ಮಿ ಪದ ನೆನಪಾಯ್ತು.

ಅಂದ್ರೆ ಒತ್ತಡ ಕೆಡಿಸಿದ್ದು ನೆನಪನ್ನಲ್ಲ, ನೆನಪನ್ನ ಹೊರತೆಗೆಯುವ ಕೆಲಸವನ್ನ. ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಇದೆ, ಆ ಹೊತ್ತಿಗೆ ಓಪನ್ ಆಗ್ತಾ ಇಲ್ಲ. ನಮ್ಮ ಗೆಳೆಯನ ಪ್ರಶ್ನೆಗೆ ಸಿಕ್ಕ ಉತ್ತರ ಇದು. ಲಾಪ್ಲಾಸ್ ಹೋಗಿರಲಿಲ್ಲ. ಸಂಜೆ ಕಾರ್ಟಿಸಾಲ್ ಇಳಿದಿತ್ತು, ಲೆಕ್ಕ ಬಂತು. ನಮ್ಮ ಹೆದರಿಕೆ ಶುರುವಾಗೋದು ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಲ್ಲ, ಹಾಲ್ ಹೊರಗೆ ಕಾರಿಡಾರ್‌ನಲ್ಲಿ "ಆ ಚಾಪ್ಟರ್ ಓದಿದ್ಯಾ? ಅದೇ ಬರುತ್ತಂತೆ" ಅಂತ ಯಾರೋ ಕೇಳಿದಾಗ. ಅಲ್ಲಿಂದ ಅರ್ಧ ಗಂಟೆ ಎಣಿಸಿ ನೋಡಿ, ಸರಿಯಾಗಿ ಮೊದಲ ದೊಡ್ಡ ಪ್ರಶ್ನೆ ಬರೆಯುವ ಹೊತ್ತು.

ಇದರ ಜೊತೆಗೆ ಇನ್ನೊಂದು ಪೆಟ್ಟು ಬೀಳುತ್ತೆ. ಹಣೆಯ ಹಿಂದೆ ಇರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ನಾವು ಹಂತ ಹಂತವಾಗಿ ಯೋಚಿಸೋದಕ್ಕೆ ಬೇಕು. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಅವರ ಸಂಶೋಧನೆ ಪ್ರಕಾರ ಅಲ್ಲಿ ನಾರ್‌ಅಡ್ರಿನಲಿನ್‌ದೂ ಇದೇ ಕಥೆ. ಹದವಾಗಿ ಇದ್ದಾಗ ಅದು ಆಲ್ಫಾ-2ಎ ರಿಸೆಪ್ಟರ್‌ಗೆ ಕೂತು ಗಮನವನ್ನ ಗಟ್ಟಿ ಮಾಡುತ್ತೆ. ಒತ್ತಡದಲ್ಲಿ ಉಕ್ಕಿದಾಗ, ಹಿಡಿತ ಕಮ್ಮಿ ಇರುವ ಆಲ್ಫಾ-1 ರಿಸೆಪ್ಟರ್‌ಗಳಿಗೂ ತಾಗಿ ಆ ಭಾಗವನ್ನೇ ಮಂಕು ಮಾಡುತ್ತೆ. ಅಲ್ಲೂ ಎರಡು ಸೆನ್ಸರ್, ಎರಡು ಮಟ್ಟ.

ಇನ್ನೊಂದು ಅನ್ಯಾಯ ಕೇಳಿ. ಹಳೆ ನೆನಪನ್ನ ತೆಗೆಯೋಕೆ ಅಡ್ಡಿ ಮಾಡುವ ಇದೇ ಹಾರ್ಮೋನು, ಆ ಹೊತ್ತಿನಲ್ಲಿ ನಡೆದದ್ದನ್ನ ಮಾತ್ರ ಗಟ್ಟಿಯಾಗಿ ಅಚ್ಚು ಹಾಕೋಕೆ ಸಹಾಯ ಮಾಡುತ್ತೆ. ಭಯದ ಕೇಂದ್ರವಾದ ಅಮಿಗ್ಡಲಾ, ನಾರ್‌ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸೇರಿ ಈ ಕೆಲಸ ಮಾಡ್ತವೆ. ನಮ್ಮ ಗೆಳೆಯನಿಗೆ ಲೆಕ್ಕದ ಮೊದಲ ಸಾಲು ನೆನಪಿಗೆ ಬರಲಿಲ್ಲ. ಆದರೆ ಹಾಲ್‌ನಲ್ಲಿ ಫ್ಯಾನ್ ಎಷ್ಟು ಕಿರುಗುಡ್ತಿತ್ತು, ಮುಂದಿನ ಬೆಂಚಿನವನು ಎಷ್ಟು ಸಲ ಎಕ್ಸ್‌ಟ್ರಾ ಶೀಟ್ ತಗೊಂಡ ಅನ್ನೋದೆಲ್ಲ ಇವತ್ತಿಗೂ ನೆನಪಿದೆ.

ವೈವಾ ಅನ್ನೋ ಪ್ರಯೋಗಶಾಲೆ

ಲ್ಯಾಬ್‌ನಲ್ಲಿ ಮನುಷ್ಯರ ಕಾರ್ಟಿಸಾಲ್ ಏರಿಸಬೇಕಾದ್ರೆ ಏನು ಮಾಡ್ತಾರೆ ಗೊತ್ತಾ? 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು ಒಂದು ವಿಧಾನ ಮಾಡಿದ್ರು. ಮುಖದಲ್ಲಿ ಯಾವ ಭಾವನೆಯೂ ತೋರಿಸದ ಕೆಲವರ ಮುಂದೆ ನಿಂತು ಭಾಷಣ ಮಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು. ತಪ್ಪಿದ್ರೆ ಮತ್ತೆ 1022ರಿಂದ ಶುರು. ಇದನ್ನ ಓದಿ ನಮಗೆ ನಗು ಬಂತು. ಇದನ್ನ ನಾವು ಪ್ರತಿ ಸೆಮಿಸ್ಟರ್ ಕೊನೆಗೆ ಲ್ಯಾಬ್ ವೈವಾ ಅನ್ನೋ ಹೆಸರಲ್ಲಿ ಮಾಡ್ತೀವಲ್ಲ!

2004ರಲ್ಲಿ ಡಿಕರ್ಸನ್ ಮತ್ತು ಕೆಮನಿ ಇಂಥ 208 ಲ್ಯಾಬ್ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಕಾರ್ಟಿಸಾಲ್ ಅತಿ ಹೆಚ್ಚು ಏರೋದು ಎರಡು ವಿಷಯ ಸೇರಿದಾಗ: ಬೇರೆಯವರು ನಮ್ಮನ್ನ ಅಳೀತಾ ಇದ್ದಾರೆ ಅನ್ನೋದು, ಮತ್ತು ಪರಿಸ್ಥಿತಿ ನಮ್ಮ ಕೈಯಲ್ಲಿ ಇಲ್ಲ ಅನ್ನೋದು. ಲೆಕ್ಕ ಕಷ್ಟ ಇದೆ ಅನ್ನೋದಕ್ಕಿಂತ ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ ಅನ್ನೋದು ದೊಡ್ಡ ಒತ್ತಡ. ವೈವಾದಲ್ಲಿ ಬಾಯಿ ಕಟ್ಟಿದವನ ಹಿಂದೆ ಕೂತು ನಾವೂ ನಕ್ಕಿದ್ದೀವಿ. ಇನ್ಮೇಲೆ ನಗಬಾರದು ಅಂತ ಅಂದುಕೊಂಡಿದ್ದೀವಿ.

ಬ್ರೇಕ್ ಸವೆದಾಗ

ಈ ಸೆಮಿಸ್ಟರ್ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಇದೆ. ಹಾಗಾಗಿ ಈ ಭಾಗ ನಮಗೆ ಬೇಗ ಅರ್ಥ ಆಯ್ತು. ಎಚ್‌ಪಿಎ ಆಕ್ಸಿಸ್ ಒಂದು ನೆಗೆಟಿವ್ ಫೀಡ್‌ಬ್ಯಾಕ್ ಲೂಪ್. ಕಾರ್ಟಿಸಾಲ್ ಜಾಸ್ತಿ ಆದಾಗ ಹೈಪೋಥಲಮಸ್, ಪಿಟ್ಯುಟರಿ, ಹಿಪೋಕ್ಯಾಂಪಸ್‌ಗಳಲ್ಲಿರುವ ಜಿಆರ್‌ಗಳು ಅದನ್ನ ಗುರುತಿಸಿ "ಸಾಕು" ಅನ್ನುತ್ತವೆ. ಸಿಆರ್‌ಎಚ್ ಕಮ್ಮಿ ಆಗುತ್ತೆ, ಹಿಂದೆಯೇ ಎಸಿಟಿಎಚ್, ಹಿಂದೆಯೇ ಕಾರ್ಟಿಸಾಲ್. ಮೇಲೆ ಹೇಳಿದ ಟ್ಯಾಂಕಿನ ಮೇಲಿನ ಸೆನ್ಸರ್ ಇದೆಯಲ್ಲ, ಮೋಟರ್ ಆಫ್ ಮಾಡೋದೂ ಅದೇ. ಜಿಆರ್ ಇಲ್ಲದೇ ಇದ್ರೆ ಒತ್ತಡ ಇಳಿಯೋದೇ ಇಲ್ಲ.

ಕೋವಿಡ್ ಸಮಯದಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಹೆಸರು ಕೇಳಿರುತ್ತೀರಿ. ಅದು ಜಿಆರ್‌ಗೆ ಬಲವಾಗಿ ಅಂಟುವ ಔಷಧಿ. ರಾತ್ರಿ ಅದನ್ನ ಕೊಟ್ಟರೆ ಫೀಡ್‌ಬ್ಯಾಕ್ ಸರಿ ಇರುವವರಲ್ಲಿ ಬೆಳಗಿನ ಕಾರ್ಟಿಸಾಲ್ ಕಮ್ಮಿ ಬರಬೇಕು. ತೀವ್ರ ಖಿನ್ನತೆ ಇರುವ ಹಲವರಲ್ಲಿ ಅದು ಇಳಿಯಲ್ಲ. ಸೆನ್ಸರ್ ಇದೆ, ಸಿಗ್ನಲ್ ಸರಿಯಾಗಿ ಹೋಗ್ತಾ ಇಲ್ಲ ಅಂತ ಅರ್ಥ.

ಒತ್ತಡ ಒಂದು ದಿನದ್ದಾದ್ರೆ ಲೂಪ್ ತಾನೇ ಸರಿಮಾಡಿಕೊಳ್ಳುತ್ತೆ. ದಿನಾ ಇದ್ದರೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯವಾದವರು ನಮ್ಮ ಬೆಂಗಳೂರಿನಲ್ಲೇ ಇದ್ದರು ಅನ್ನೋದು ನಮಗೆ ಗೊತ್ತೇ ಇರಲಿಲ್ಲ. 2002ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟ್ಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆ ಸೇರಿ, ಇಲಿಗಳನ್ನ ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದ ಹಾಗೆ ಇರಿಸಿ ನೋಡಿದ್ರು. ಹಿಪೋಕ್ಯಾಂಪಸ್‌ನ ಸಿಎ-3 ಭಾಗದ ನರಕೋಶಗಳ ಕವಲುಗಳು ಚಿಕ್ಕದಾಗಿದ್ದವು. ಅಮಿಗ್ಡಲಾದಲ್ಲಿ ಉಲ್ಟಾ: ಕವಲುಗಳು ಬೆಳೆದಿದ್ದವು. ನೆನಪಿನ ಜಾಗ ಕುಗ್ಗಿತು, ಭಯದ ಜಾಗ ಹಿಗ್ಗಿತು. 2004ರ ಮುಂದಿನ ಅಧ್ಯಯನದಲ್ಲಿ ಇಲಿಗಳಿಗೆ 21 ದಿನ ಆರಾಮ ಕೊಟ್ಟಾಗ ಹಿಪೋಕ್ಯಾಂಪಸ್ ಮೊದಲಿನಂತಾಯ್ತು, ಅಮಿಗ್ಡಲಾ ಮಾತ್ರ ಆಗಲಿಲ್ಲ.

ಇಲ್ಲಿ ನಾವು ಸ್ವಲ್ಪ ಹೆದರಿದ್ವಿ. ಆದರೆ ಅವು ಇಲಿಗಳು, ನಾವಲ್ಲ. ಮನುಷ್ಯರ ಬಗ್ಗೆ ಹುಡುಕಿದಾಗ 2009ರ ಒಂದು ಅಧ್ಯಯನ ಸಿಕ್ತು. ನ್ಯೂಯಾರ್ಕಿನಲ್ಲಿ ಕಾನರ್ ಲಿಸ್ಟನ್, ಮೆಕ್‌ಯುವನ್ ಮತ್ತು ಬಿ.ಜೆ. ಕೇಸಿ ನೋಡಿದ್ದು ನಮ್ಮಂಥವರನ್ನೇ: ದೊಡ್ಡ ಪರೀಕ್ಷೆಗೆ ಓದ್ತಾ ಇದ್ದ ಮೆಡಿಕಲ್ ವಿದ್ಯಾರ್ಥಿಗಳು. ಒಂದು ತಿಂಗಳ ಒತ್ತಡದ ನಂತರ, ಗಮನವನ್ನ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕೆಲಸದಲ್ಲಿ ಅವರು ಹಿಂದೆ ಬಿದ್ದಿದ್ದರು. ಸ್ಕ್ಯಾನ್‌ನಲ್ಲೂ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಸಂಪರ್ಕಗಳು ದುರ್ಬಲವಾಗಿ ಕಂಡವು. ಪರೀಕ್ಷೆ ಮುಗಿದು ಒಂದು ತಿಂಗಳು ಒತ್ತಡ ಇಲ್ಲದೇ ಕಳೆದ ಮೇಲೆ ನೋಡಿದ್ರೆ ಎಲ್ಲ ಸರಿಹೋಗಿತ್ತು. ಈ ಸಾಲನ್ನ ನಾವು ಗೆಳೆಯನಿಗೆ ಎರಡು ಸಲ ಓದಿ ಹೇಳಿದ್ವಿ.

ಏನು ಮಾಡಬಹುದು

ನಾವು ಡಾಕ್ಟರ್‌ಗಳಲ್ಲ. "ಟೆನ್ಷನ್ ಮಾಡ್ಕೋಬೇಡಿ" ಅಂತ ಹೇಳೋಕೂ ಇಷ್ಟ ಇಲ್ಲ, ಅದನ್ನ ಕೇಳಿದ್ರೇನೇ ಟೆನ್ಷನ್ ಆಗುತ್ತೆ. ಮೇಲಿನದ್ದನ್ನೆಲ್ಲ ಓದಿ ನಮಗೆ ಉಪಯೋಗ ಆದ ಮೂರು ವಿಷಯ ಮಾತ್ರ ಹೇಳ್ತೀವಿ.

ಒಂದು, ಓದುವ ರೀತಿ. 2016ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಅಧ್ಯಯನದಲ್ಲಿ ಅರ್ಧ ಜನ ಪಟ್ಟಿಯನ್ನ ಮತ್ತೆ ಮತ್ತೆ ಓದಿದ್ರು. ಉಳಿದ ಅರ್ಧ ಪಟ್ಟಿ ಮುಚ್ಚಿಟ್ಟು ನೆನಪು ಮಾಡಿಕೊಂಡು ಬರೆದ್ರು. ಮಾರನೇ ದಿನ ಒತ್ತಡ ಕೊಟ್ಟು ಕೇಳಿದಾಗ, ಬರೀ ಓದಿದವರ ನೆನಪು ಕುಸಿದಿತ್ತು. ಮುಚ್ಚಿಟ್ಟು ಅಭ್ಯಾಸ ಮಾಡಿದವರ ನೆನಪನ್ನ ಒತ್ತಡ ಅಲುಗಾಡಿಸಲಿಲ್ಲ. ಕಾರ್ಟಿಸಾಲ್ ಅಡ್ಡ ಬರೋದು ಹೊರತೆಗೆಯುವ ಕೆಲಸಕ್ಕೆ ತಾನೇ? ಹಾಗಾದ್ರೆ ಅಭ್ಯಾಸ ಮಾಡಬೇಕಾದ್ದೂ ಅದನ್ನೇ. ಹೈಲೈಟರ್ ಹಿಡಿದು ನೋಟ್ಸ್ ನಾಲ್ಕನೇ ಸಲ ಓದೋದನ್ನ ಬಿಟ್ಟು, ಹಳೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪುಸ್ತಕ ಮುಚ್ಚಿ ಬರೀರಿ. ನಮ್ಮ ರೂಮಿನಲ್ಲಿ ಈಗ ರಾತ್ರಿ ಊಟ ಆದ ಮೇಲೆ ಒಬ್ಬರು ಮೇಷ್ಟ್ರು ಆಗ್ತಾರೆ, ಉಳಿದವರಿಗೆ ವೈವಾ. ಮೊದಲು ತಮಾಷೆ ಅನ್ನಿಸ್ತಿತ್ತು, ಈಗ ಹಾಲ್‌ನಲ್ಲಿ ಕೈ ನಡುಗೋದು ಕಮ್ಮಿ ಆಗಿದೆ.

ಎರಡು, ನಿದ್ದೆ. ರಾತ್ರಿ ನಿದ್ದೆ ಕೆಟ್ಟರೆ ಮಾರನೇ ಸಂಜೆ, ಇಳಿಯಬೇಕಾದ ಹೊತ್ತಲ್ಲಿ, ಕಾರ್ಟಿಸಾಲ್ ಮೇಲೇ ಇರುತ್ತೆ ಅಂತ 1997ರಷ್ಟು ಹಿಂದೆಯೇ ತೋರಿಸಿದ್ದಾರೆ. ಓದಿದ್ದು ಗಟ್ಟಿಯಾಗೋದೂ ನಿದ್ದೆಯಲ್ಲೇ. ನೈಟ್ ಔಟ್ ಮಾಡಿದ್ದನ್ನ ದೊಡ್ಡ ಸಾಧನೆ ಅಂತ ಸ್ಟೇಟಸ್ ಹಾಕೋದನ್ನ ನಾವಂತೂ ನಿಲ್ಲಿಸಿದ್ದೀವಿ.

ಮೂರು, ಬ್ಲ್ಯಾಂಕ್ ಆದಾಗ. ಆ ಪ್ರಶ್ನೆ ಬಿಟ್ಟು ಗೊತ್ತಿರೋ ಸುಲಭದ್ದನ್ನ ಬರೀರಿ. ಹಾರ್ಮೋನು ಇಳಿಯೋಕೆ ಹೊತ್ತು ಬೇಕು, ಪೇಪರ್ ಮೂರು ಗಂಟೆಯದ್ದು. ಮೊದಲ ಅರ್ಧ ಗಂಟೆಯಲ್ಲಿ ಬರದಿದ್ದು ಕೊನೆಯ ಅರ್ಧ ಗಂಟೆಯಲ್ಲಿ ಬರಬಹುದು.

ಆದರೆ ಎಲ್ಲವನ್ನೂ ರೂಮಿನೊಳಗೇ ಸರಿಮಾಡೋಕೆ ಆಗಲ್ಲ. ವಾರಗಟ್ಟಲೆ ನಿದ್ದೆ ಬರದೇ ಇದ್ರೆ, ಊಟ ಸೇರದೇ ಇದ್ರೆ, ಬದುಕೋದೇ ಬೇಡ ಅನ್ನಿಸಿದ್ರೆ, ಅದು ಪುಸ್ತಕ ಮುಚ್ಚಿ ಬರೆದ್ರೆ ಹೋಗುವಂಥದ್ದಲ್ಲ. ಕೌನ್ಸೆಲರ್ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದ್ರೂ ಕರೆ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಪಕ್ಕದ ಮಂಚದವನು ಸುಮ್ಮನಾಗಿದ್ದಾನೆ ಅನ್ನಿಸಿದ್ರೆ ನೀವೇ ಜೊತೆಗೆ ಹೋಗಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾವು ಬಿಟ್ಟ ಎಲ್ಲ ಪ್ರಶ್ನೆಗೂ ಕಾರ್ಟಿಸಾಲ್ ಕಾರಣ ಅಲ್ಲ. ಎಷ್ಟೋ ಸಲ ನಾವು ಓದೇ ಇರಲಿಲ್ಲ! ಅದನ್ನ ಜಿಆರ್ ಮೇಲೆ ಹಾಕೋಕೆ ಬರಲ್ಲ.

ಈ ಬರಹದ ಕರಡನ್ನ ಗೆಳೆಯನಿಗೇ ಮೊದಲು ಓದೋಕೆ ಕೊಟ್ವಿ. ಹೆಸರು ಹಾಕಬೇಡಿ ಅಂದ. ಆಮೇಲೆ ನೀರಿನ ಟ್ಯಾಂಕಿನ ಉದಾಹರಣೆ ಹತ್ತಿರ ನಿಂತು, "ಮೇಲಿನ ಸೆನ್ಸರ್ ಬರೀ ಆನ್-ಆಫ್ ಅಲ್ವಲ್ಲ, ಎಷ್ಟು ಒದ್ದೆ ಆಯ್ತು ಅಂತ ಅಳೆಯೋ ತರದ್ದು ತಾನೇ?" ಅಂತ ಕೇಳಿದ. ಅವನು ಹೇಳಿದ್ದು ಸರಿ, ಓದುವಾಗ ಹಾಗೇ ತಿದ್ದಿಕೊಳ್ಳಿ. ತಲೆ ಇಲ್ಲದವನು ಕೇಳುವ ಪ್ರಶ್ನೆ ಅದಲ್ಲ ಅಂತ ಅವನಿಗೆ ಹೇಳಿದ್ವಿ, ನಕ್ಕ. ಮುಂದಿನ ತಿಂಗಳು ಅದೇ ಪೇಪರ್ ಮತ್ತೆ ಬರೀತಾ ಇದ್ದಾನೆ. ನಿನ್ನೆ ರಾತ್ರಿ ವೈವಾದಲ್ಲಿ ಮೇಷ್ಟ್ರು ಅವನೇ ಆಗಿದ್ದ, ನಮ್ಮ ಮೂವರಿಗೂ ಲಾಪ್ಲಾಸ್ ಮರೆತುಹೋಗಿತ್ತು.